ನೆನೆಯಬಾರದೆಂದು ಸುತ್ತಿದ ಕವರು

ಹರವೆ, ಶುಕ್ರವಾರ

ಮುದ್ದಯ್ಯಣ್ಣನಿಗೆ ಶರತ್ ಮಾಡುವ ನಮಸ್ಕಾರ.

ಅರಿಶಿನದ ಹೊಲದಲ್ಲಿ ತೇವ ಅಳೆಯಲು ಹೂತಿದ್ದ ಸೆನ್ಸರನ್ನು ಇವತ್ತು ಕಿತ್ತು ನೋಡಿದೆ. ಹೊಸದು, ನೆನೆದು ಹಾಳಾದೀತೆಂದು ಅದಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ ಹೂತವನು ನಾನೇ. ಅದಕ್ಕೇ ಫೋನಿನಲ್ಲಿ ದಿನವೂ ಮಣ್ಣು ಒಣಗಿದೆ ಎಂದು ಬರುತ್ತಿತ್ತು. ಕಳೆ ಕೀಳುವ ಹೆಂಗಸರ ಎದುರು ನಿಮ್ಮನ್ನು ನೀರು ಹಾಯಿಸದ ಸೋಮಾರಿ ಎಂದುಬಿಟ್ಟೆ. "ಮಣ್ಣ ಒಂದ್ಸಲ ಮುಟ್ಟಿ ನೋಡಪ್ಪ" ಅಂದಿರಿ. ನಾನು ಫೋನಿನಿಂದ ತಲೆ ಎತ್ತಲಿಲ್ಲ.

ನೀವು ಕೆಲಸ ಬಿಟ್ಟುಹೋದ ಮೇಲೆ ಎರಡು ವಾರ ಫೋನು ಹೇಳಿದಂತೆ ದಿನವೂ ನಾನೇ ನೀರು ಬಿಟ್ಟೆ. ಈಗ ಗೆಡ್ಡೆ ಕೊಳೆಯುತ್ತಿದೆ. ನೀರು ಎಲ್ಲಿಂದ ಬಸಿಯಬೇಕೆಂದು ನಿಮಗೇ ಗೊತ್ತು, ಸೋಮವಾರ ಬನ್ನಿ.

ಕವರನ್ನು ಎಸೆದಿಲ್ಲ. ಆ ಹೆಂಗಸರೂ ಅವತ್ತೇ ಬರುತ್ತಾರೆ. ಅವರ ಎದುರೇ ಅದನ್ನು ನಿಮ್ಮ ಕೈಗೆ ಕೊಡುತ್ತೇನೆ.

ನಿಮ್ಮ ದಾರಿ ನೋಡುವ,
ಶರತ್