ಹೊಳ್ಳಿ ಬರುವ ವಿಶ್ವವಿದ್ಯಾಲಯ

ಜನವರಿ 8, ಬೆಳಿಗ್ಗೆ 6.20

ಕುಕ್ಕರ್ ಇಟ್ಟು ಬಂದೆ. ಹತ್ತಕ್ಕೆ ಬಿ.ಎಸ್ಸಿ. ಪ್ರಾಕ್ಟಿಕಲ್. ಬ್ಯೂರೆಟ್ ಎರಡು ಒಡೆದಿವೆ, ನೆನಪಿಡಬೇಕು.

ಮೇಲ್ ಮತ್ತೆ ಓದಿದೆ. ನಾಲ್ಕನೇ ಸಲ.

ತಿಗಿಸ್ತ್ ಬರೆದಿದ್ದಾಳೆ. ಇಥಿಯೋಪಿಯಾದಲ್ಲಿ ನಾಲ್ಕು ವರ್ಷ ಕೆಮಿಸ್ಟ್ರಿ ಕಲಿಸಿದೆನಲ್ಲ, ಆಗ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಆ ಸಣ್ಣ ಕಾಲೇಜು ಈಗ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ. ಇವಳು ಅದರ ಯೋಜನಾ ವಿಭಾಗದ ಮುಖ್ಯಸ್ಥೆ! 2050ಕ್ಕೆ ವಿಶ್ವವಿದ್ಯಾಲಯ ಎಲ್ಲಿರಬೇಕು, ಏನಾಗಿರಬೇಕು ಎಂದು ಬರೆಯುವ ಸಮಿತಿಗೆ ಹೊರಗಿನವರು ಐದು ಜನ. ಅದರಲ್ಲಿ ಒಬ್ಬಳು ವಾಣಿಶ್ರೀ, ಕುಷ್ಟಗಿ. ಅಂದರೆ ನಾನು.

ಇವರಿಗೆ ತೋರಿಸಿದೆ. ಶೇವಿಂಗ್ ಅರ್ಧಕ್ಕೆ ಬಿಟ್ಟು ಓದಿದರು.

“ಇಪ್ಪತ್ತೈದು ವರ್ಷದ ಪ್ಲಾನ್ ಅಂತ! ನಮ್ಮ ಮನಿ ಪೇಂಟ್ ಹಚ್ಚೋದು ಮೂರು ವರ್ಷದಿಂದ ಪ್ಲಾನ್‌ದಾಗ ಐತಿ.”

ನಕ್ಕರು. ಆಮೇಲೆ ಮೆಲ್ಲಗೆ — “ಒಪ್ಪಿಕೋ ವಾಣಿ. ಭಾಳ ದೊಡ್ಡ ಮಾತು ಇದು.”

ಕುಕ್ಕರ್ ಎಷ್ಟು ಸಲ ಕೂಗಿತೋ ಎಣಿಸಲಿಲ್ಲ.

ಜನವರಿ 19, ಸಂಜೆ

ಮೊದಲ ಆನ್‌ಲೈನ್ ಮೀಟಿಂಗ್. ಎರಡು ತಾಸು. ಸೀರೆಗೆ ಇಸ್ತ್ರಿ ಮಾಡಿ ಕೂತಿದ್ದೆ, ಕಂಡದ್ದು ಮುಖ ಮಾತ್ರ.

ರಾಜಧಾನಿಯಿಂದ ಬಂದ ಸಲಹೆಗಾರನೊಬ್ಬ ಸ್ಲೈಡ್ ತೋರಿಸಿದ. ಸ್ವಂತ ಉಪಗ್ರಹ. ಎಐ ಕೇಂದ್ರ. ಹನ್ನೆರಡು ಅಂತಸ್ತಿನ ಗಾಜಿನ ಕಟ್ಟಡ. ಆಫ್ರಿಕಾದ ಮೊದಲ ಇಪ್ಪತ್ತು ವಿಶ್ವವಿದ್ಯಾಲಯಗಳಲ್ಲಿ ಸ್ಥಾನ. ಬೆರಗಾಗಿ ನೋಡಿದೆ. ನನ್ನ ಸರದಿ ಬಂದಾಗ “ವೆರಿ ಗುಡ್” ಅಂದೆ. ಅಷ್ಟೇ! ಇಷ್ಟು ದಿನ ಕಾದು, ವೆರಿ ಗುಡ್.

ಕೊನೆಗೆ ತಿಗಿಸ್ತ್ ಒಂದು ಪುಟ ಬರೆದು ಕೊಡಿ ಎಂದಳು, ಎಲ್ಲರಿಗೂ.

ಜನವರಿ 27, ಮಧ್ಯಾಹ್ನ

ಎನ್ನೆಸ್ಸೆಸ್ ಕ್ಯಾಂಪ್. ಹುಲಿಹೈದರದಿಂದ ಮುಂದೆ, ಕಚ್ಚಾ ರಸ್ತೆಯ ಸಣ್ಣ ಊರು. ಶಾಲೆಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ.

ನೀರು ಪರೀಕ್ಷೆಯ ಕಿಟ್ ತಂದಿದ್ದೆವು. ಗುಲಾಬಿ ಬಣ್ಣ ಉಳಿದರೆ ಕುಡಿಯಬಹುದು. ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು — ಹಲ್ಲು ಕಂದು, ಮೊಣಕಾಲು ನೋವು. ಕೈಪಂಪಿನ ಹತ್ತಿರ ಹುಡುಗಿಯರು ಬಣ್ಣ ನೋಡಿ ಹೋ ಎನ್ನುತ್ತಿದ್ದರು. ಹುಲಿಗವ್ವ ಎಂಬಾಕೆ ಕೊಡ ಕೆಳಗಿಟ್ಟಳು. ಅರವತ್ತರ ಮೇಲಿನವಳು, ಕೂಲಿ ಕೆಲಸ.

“ಮೇಡಮ್ಮಾರ, ಈ ಬಣ್ಣದ ಆಟ ನೋಡಿದ್ದು ನಾವು ಇದು ನಾಕನೇ ಸಲ ರೀ. ಬರತೀರಿ, ಬಾಟ್ಲಿ ತುಂಬಿಕೊಂತೀರಿ, ಫೋಟೋ ಹೊಡಕೊಂತೀರಿ. ಏನಾತು ಅಂತ ಹೇಳಾಕ ಒಬ್ಬರರೆ ಹೊಳ್ಳಿ ಬಂದೀರೇನು?”

ನಮ್ಮ ಲ್ಯಾಬ್ ಅಟೆಂಡರ್ ಹಸೀನಾಬೇಗಂ ಜೊತೆಗಿದ್ದಳು. ನನ್ನ ಪರ ಮಾತಾಡಿಯಾಳು ಎಂದುಕೊಂಡೆ.

“ಖರೆ ಐತಿ ಬಿಡ್ರಿ,” ಅಂದಳು.

ಖರೇನೇ. ಇಥಿಯೋಪಿಯಾದಲ್ಲಿದ್ದಾಗ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಅರವತ್ತು ಊರುಗಳ ಬಾವಿ ನೀರು ತಂದಿದ್ದೆ. ಪೇಪರ್ ಪ್ರಕಟವಾಯಿತು. ನನಗೆ ಪ್ರಮೋಷನ್ ಆಯಿತು. ಆ ಊರುಗಳಿಗೆ…

ಹೊಳ್ಳಿ ಹೋಗಲಿಲ್ಲ. ಒಂದಕ್ಕೂ.

ಜನವರಿ 29

ತಿಗಿಸ್ತ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

ಅವಳು, ಇಂಗ್ಲಿಷಿನಲ್ಲಿ — “ಮಿಸ್, ನಿಮ್ಮ ಪೇಪರಿನ ಮೂರನೇ ಟೇಬಲ್‌ನಲ್ಲಿ, ಫ್ಲೋರೈಡ್ ಹೆಚ್ಚಿರುವ ಸಾಲಿನಲ್ಲಿ, ನಮ್ಮೂರ ಬಾವಿ ಇತ್ತು. ಅಮ್ಮ ನೀರು ಸೇದುತ್ತಿದ್ದ ಬಾವಿ. ನಾನು ಆ ಟೇಬಲ್ ನೋಡಿದ್ದು ಎಂ.ಎಸ್ಸಿ. ಮಾಡುವಾಗ, ಲೈಬ್ರರಿಯಲ್ಲಿ. ಮರುದಿನವೇ ಬಸ್ ಹತ್ತಿ ಊರಿಗೆ ಹೋಗಿ ಹೇಳಿದೆ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.”

ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

“ಬಂದಿತ್ತು. ಅದಕ್ಕೇ ನಿಮ್ಮನ್ನು ಸಮಿತಿಗೆ ಹಾಕಿದ್ದು. ನಿಮಗೆ ಇದು ಎಂದಾದರೂ ಹೊಳೆಯುತ್ತದೆ ಎಂದು ನಂಬಿದ್ದೆ. ಈಗ ಕೂತು ಬರೆಯಿರಿ.”

ಫೆಬ್ರವರಿ 11, ಬೆಳಿಗ್ಗೆ 5.45

ಬರೆದೆ! ಹಳೆಯ ಡ್ರಾಫ್ಟ್ ಪೂರ್ತಿ ಡಿಲೀಟ್. ಹೊಸದು ಒಂದೇ ಪುಟ.

ನೀರು, ಮಣ್ಣು, ಬೀಜ, ರಕ್ತ — ಯಾವುದರ ಮಾದರಿ ಎಲ್ಲಿಂದ ತಂದರೂ, ಫಲಿತಾಂಶವನ್ನು ಅಲ್ಲಿಗೇ ಹೋಗಿ, ಅಲ್ಲಿನ ಭಾಷೆಯಲ್ಲಿ ಹೇಳಿ ಬರಬೇಕು. ಹೇಳದವರಿಗೆ ಪದವಿ ಇಲ್ಲ. 2050ರ ಹೊತ್ತಿಗೆ ಆ ಪ್ರಾಂತದ ಪ್ರತಿ ಬಾವಿಯ ಮೇಲೂ ಅದರ ನೀರಿನ ಗುಣ ಬರೆದಿರಬೇಕು, ವರ್ಷ ವರ್ಷ ತಿದ್ದಬೇಕು. ಕೆಟ್ಟ ನೀರಿಗೆ ಶೋಧಕ ಬೇಕೆಂದರೆ ಅದನ್ನು ವಿಶ್ವವಿದ್ಯಾಲಯವೇ ತಯಾರಿಸಬೇಕು, ಊರಿನವರೇ ರಿಪೇರಿ ಮಾಡುವಂತಿರಬೇಕು.

ಇವರು ಓದಿದರು. “ಇದು ವಿಷನ್ ಅಲ್ಲ, ಜಗಳ.”

“ಬ್ಯಾಡೇನ್ರಿ?”

“ಬ್ಯಾಡ ಅಂತ ಯಾರಂದ್ರು? ಕಳಸು.”

ಕಳಿಸಿದೆ. ಮೈಯೆಲ್ಲ ಜುಮ್ಮೆನ್ನುತ್ತಿದೆ. ನಲವತ್ತೆಂಟಕ್ಕೆ ಹೀಗಾಗುತ್ತದೆಯೇ?

ಫೆಬ್ರವರಿ 20, ಸಂಜೆ

ಎರಡನೇ ಮೀಟಿಂಗ್. ಸಲಹೆಗಾರ ನನ್ನ ಪುಟವನ್ನು ಎರಡು ಮಾತಿನಲ್ಲಿ ಮುಗಿಸಿದ. ಒಳ್ಳೆಯ ಭಾವನೆ. ಆದರೆ ಇದು ಆರೋಗ್ಯ ಇಲಾಖೆಯ ಕೆಲಸ, ತಂತ್ರಜ್ಞಾನ ವಿಶ್ವವಿದ್ಯಾಲಯದ ಗುರಿಯಲ್ಲ.

ಈ ಸಲ ವೆರಿ ಗುಡ್ ಅನ್ನಲಿಲ್ಲ. ಉಪಗ್ರಹ ಬಿಡಿ, ಬೇಡ ಅನ್ನುವುದಿಲ್ಲ ಎಂದೆ. ಅದು ಮೇಲಿನಿಂದ ಕಂಡದ್ದನ್ನು ಕೆಳಗಿನವರಿಗೆ ಹೇಳುವವರು ಯಾರು? ಅವರ ಹೆಸರು ಈ ಸ್ಲೈಡಿನಲ್ಲಿ ಎಲ್ಲಿದೆ?

ಕುಲಪತಿ ಪೆನ್ನು ತಿರುಗಿಸುತ್ತ ಕೂತಿದ್ದರು. ಕೊನೆಗೆ — ಎಲ್ಲಾದರೂ ಇದು ನಡೆದದ್ದುಂಟೇ? ತೋರಿಸಿ. ಮೇ ತಿಂಗಳಲ್ಲಿ ಕೌನ್ಸಿಲ್ ತೀರ್ಮಾನಿಸುತ್ತದೆ.

ಎಲ್ಲಾದರೂ ನಡೆದದ್ದು… ಎಲ್ಲಿಯೂ ಇಲ್ಲ. ನಾನೇ ಮಾಡಿಲ್ಲ.

ಲ್ಯಾಬಿನಲ್ಲಿ ಹುಲಿಗವ್ವನ ಊರಿನ ಮೂರು ಬಾಟಲಿ ಇವೆಯಲ್ಲ!

ಮಾರ್ಚ್ 9

ಹೋಗಿ ಬಂದೆ. ಮೂರೂ ಮಾದರಿ ಲ್ಯಾಬಿನಲ್ಲಿ ಎರಡೆರಡು ಸಲ ನೋಡಿದ ಮೇಲೆ. ಹಸೀನಾಬೇಗಂ, ನಾನು, ಆರು ಹುಡುಗಿಯರು. ಟಂಟಂ ಆಟೊ ಮಾಡಿಕೊಂಡು.

ದೂರದಿಂದಲೇ ಕೂಗು — “ಏ ಹೊಳ್ಳಿ ಬಂದ್ರವ್ವ! ಬಾಟ್ಲಿ ಮೇಡಮ್ಮಾರು ಹೊಳ್ಳಿ ಬಂದ್ರು!”

ಕೈಪಂಪು ಮೂರು. ಎರಡರ ನೀರು ಕೆಟ್ಟದ್ದು. ಶಾಲೆಯ ಹಿಂದಿನದು ಒಳ್ಳೆಯದು. ಹೇಳಿದೆ ಅಷ್ಟೇ, ಜಗಳ ಶುರು. ಒಳ್ಳೆಯ ಪಂಪು ಎಲ್ಲಕ್ಕಿಂತ ದೂರ, ಹಿಡಿ ಬೇರೆ ಬಿಗಿ. ಯಾರು ಯಾವಾಗ ಹಿಡಿಯಬೇಕು, ಬಟ್ಟೆಗೆ ಯಾವುದು, ಅಡಿಗೆಗೆ ಯಾವುದು… ಹುಲಿಗವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಕುಡಿಯಾಕ, ಅಡಿಗಿಗೆ ಸಾಲಿ ಹಿಂದಿಂದು. ದನಕ್ಕ, ಅರಿಬಿಗೆ ಉಳಿದವು. ಹಿಡಿ ರಿಪೇರಿ ಪಂಚಾಯ್ತಿಗೆ ನಾನ ಹೋಗಿ ಕುಂದ್ರತೀನಿ. ಮುಗೀತು.”

ಹುಡುಗಿಯರು ಪೇಂಟಿನಿಂದ ಎರಡು ಪಂಪಿಗೆ ಕೆಂಪು, ಒಂದಕ್ಕೆ ಹಸಿರು ಹಚ್ಚಿದರು. ಒಬ್ಬಳು ವಿಡಿಯೊ ಮಾಡಿದಳು. ತಿಗಿಸ್ತ್‌ಗೆ ಕಳಿಸಿದೆ.

ಉತ್ತರ: ಬರೀ ಆಶ್ಚರ್ಯಸೂಚಕ ಚಿಹ್ನೆಗಳು. ಒಂದು ಸಾಲು ಪೂರ್ತಿ.

ಏಪ್ರಿಲ್ 30

ವ್ಯಾಲ್ಯುವೇಶನ್. ಬಿಸಿಲು. ಏನೂ ಬರೆಯಲಾಗಿಲ್ಲ. ತಿಗಿಸ್ತ್ ಕೌನ್ಸಿಲ್ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗುತ್ತಿದ್ದಾಳೆ. ಪಂಪಿನ ಹಿಡಿ ರಿಪೇರಿಯಾಗಿದೆ — ಹುಲಿಗವ್ವ ಪಂಚಾಯ್ತಿಯಲ್ಲಿ ಎರಡು ದಿನ ಕೂತಳಂತೆ.

ಮೇ 14, ಮಧ್ಯಾಹ್ನ 12.30

ಮತ್ತೆ ಅದೇ ಶಾಲೆ ಕಟ್ಟೆ. ಬೇಸಿಗೆಯ ನೀರು ಪರೀಕ್ಷಿಸಲು ಬಂದೆವು. ಆಗಲೇ ತಿಗಿಸ್ತ್ ಫೋನ್.

ಪಾಸಾಯಿತು! ಹನ್ನೊಂದು ಮತ ನಮ್ಮ ಕಡೆ, ನಾಲ್ಕು ವಿರುದ್ಧ. ಉಪಗ್ರಹ ಉಳಿದಿದೆ, ಅಂತರ್ಜಲ ನೋಡುವ ಕೆಲಸಕ್ಕೆ. ಗಾಜಿನ ಕಟ್ಟಡವನ್ನು ಮುಂದಕ್ಕೆ ಹಾಕಿದ್ದಾರೆ. “ಹೇಳದವರಿಗೆ ಪದವಿ ಇಲ್ಲ” ಎನ್ನುವುದನ್ನು ಮೆತ್ತಗೆ ಮಾಡಿದ್ದಾರೆ: ಮೊದಲ ಐದು ವರ್ಷ ಕೆಮಿಸ್ಟ್ರಿ, ಭೂವಿಜ್ಞಾನ, ಕೃಷಿಗೆ ಮಾತ್ರ. ಇರಲಿ! ಇಪ್ಪತ್ತೈದು ವರ್ಷ ಇದೆಯಲ್ಲ.

ಜುಲೈನಲ್ಲಿ ನಾನೂ ಹೋಗಬೇಕು. ಆ ಅರವತ್ತು ಊರುಗಳಿಗೆ, ತಿಗಿಸ್ತ್ ಜೊತೆ. ಏನು ಮುಖ ಇಟ್ಟುಕೊಂಡು ಎಂದು ಕೇಳಿದೆ. ಇದ್ದ ಮುಖ ತನ್ನಿ ಎಂದಳು.

ವಿಡಿಯೊ ಕಾಲ್ ಇನ್ನೂ ನಡೆದಿದೆ. ಫೋನು ನನ್ನ ಕೈಯಲ್ಲಿಲ್ಲ, ಹುಲಿಗವ್ವ ಕಸಿದುಕೊಂಡಿದ್ದಾಳೆ. ಅವಳು ಕನ್ನಡದಲ್ಲಿ, ತಿಗಿಸ್ತ್ ಅಮ್ಹಾರಿಕ್‌ನಲ್ಲಿ. ಇಬ್ಬರೂ ಒಟ್ಟಿಗೆ. ಹಸೀನಾಬೇಗಂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ.

“ನೀನೂ ಒಮ್ಮೆ ಬಾರವ್ವ ಈ ಕಡಿ. ನಿಮ್ಮೂರ ನೀರು ಒಂದು ಬಾಟ್ಲಿ ತಗೊಂಡು ಬಾ. ನಾವೂ ನೋಡತೀವಿ, ನೋಡಿ ಹೇಳತೀವಿ.”

ತಿಗಿಸ್ತ್ ಏನೋ ಕೇಳುತ್ತಿದ್ದಾಳೆ. ಹುಲಿಗವ್ವ ನನ್ನ ಕಡೆ ತಿರುಗಿದಳು — ಏನಂತಾಳ್ರಿ ಈಕಿ, ಬರತಾಳಂತೇನು? ನಾನು ಎದ್ದು ಹೋಗಿ ಇಬ್ಬರಿಗೂ ಹೇಳಬೇಕು. ಬರೆಯುವುದು ಇಲ್ಲಿಗೆ ಸಾಕು.