ಕಣ್ಣುಮುಚ್ಚಿ ಕೊಟ್ಟ ಅಂಕಗಳು

ವಿಶ್ವವಿದ್ಯಾಲಯದ ವಾಚನಾಲಯ,
ಸೆಪ್ಟೆಂಬರ್ ೧೧, ಬುಧವಾರ

ಮುದ್ದು ಪುಟ್ಟಿ,

ನಿನ್ನ ಕೆಮ್ಮು ನಿಂತಿತೆ? ಹೊಸ ಊರಿನ ನೀರು ಒಗ್ಗುವವರೆಗೆ ಕಾಯಿಸಿ ಕುಡಿ. ನಿನ್ನ ಅಜ್ಜಿ ಆರೋಗ್ಯವಾಗಿದ್ದಾಳೆ, ನನ್ನನ್ನು ಬೈಯಲು ಬೇಕಾದಷ್ಟು ಶಕ್ತಿ ಉಳಿದಿದೆ. ನನ್ನ ಮಂಡಿಯೂ ಹೇಳಿದ ಮಾತು ಕೇಳುತ್ತಿದೆ.

ನಾನು ತತ್ವಶಾಸ್ತ್ರದ ಎಂ.ಎ.ಗೆ ಸೇರಿದಾಗ ನೀನು ನಕ್ಕೆಯಲ್ಲ, ಇಲ್ಲಿ ಮಾತ್ರ ಯಾರೂ ನಗಲಿಲ್ಲ. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ತಲೆ ನರೆಸಿಕೊಂಡವನು ನಾನು. ನಿದ್ದೆ ನಟಿಸುವವನ ರೆಪ್ಪೆ ನೋಡಿದರೆ ಸಾಕು, ಟಿಕೆಟ್ ಇಲ್ಲವೆಂದು ತಿಳಿಯುತ್ತಿತ್ತು. ಆ ಗುಣವನ್ನು ನಿವೃತ್ತಿಯ ದಿನ ಟೋಪಿಯ ಜೊತೆ ಒಪ್ಪಿಸಿ ಬರಲಾಗಲಿಲ್ಲ. ಇಲ್ಲಿ ತರಗತಿಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ನನಗೇ, ಗುಮಾಸ್ತನ ಮೊದಲ ಟೀ ನನಗೇ. ವಿಭಾಗದ ಮುಖ್ಯಸ್ಥೆ, ನಿನ್ನ ಅಮ್ಮನ ವಯಸ್ಸಿನ ಹೆಂಗಸು, ಪಾಠ ಮುಗಿದಾಗಲೆಲ್ಲ ಬಾಗಿಲವರೆಗೆ ಬಂದು, ನಾಳೆಯೂ ಬರುತ್ತೀರಲ್ಲವೇ ಎಂದು ಕೇಳುತ್ತಿದ್ದರು. ಅತಿವಿನಯಂ ಧೂರ್ತಲಕ್ಷಣಂ ಅಂತ ಸುಮ್ಮನೆ ಹೇಳಿದ್ದಾರೆಯೇ?

ಮೊದಲ ಪ್ರಬಂಧಕ್ಕೆ ಆ ಮೇಡಂ ಭರ್ಜರಿ ಅಂಕ ಕೊಟ್ಟರು, ಪಕ್ಕದಲ್ಲಿ 'ಪ್ರೌಢ ಚಿಂತನೆ' ಎಂಬ ಷರಾ. ಒಂದು ದಿನ ಉಬ್ಬಿದೆ. ಎರಡನೆಯ ದಿನ ನಿನ್ನ ಮೇಲೆ ಗುಮಾನಿ ಬಂತು. ತಾತನನ್ನು ಸ್ವಲ್ಪ ನೋಡಿಕೊಳ್ಳಿ ಎಂದು ನೀನೇ ಫೋನ್ ಮಾಡಿರಬೇಕು ಅಂದುಕೊಂಡೆ. ಬೇಜಾರಾಗಬೇಡ. ಪರೀಕ್ಷಿಸಲೆಂದೇ ಎರಡನೆಯ ಪ್ರಬಂಧದಲ್ಲಿ, ಸತ್ಯದ ಸ್ವರೂಪದ ನಟ್ಟನಡುವೆ, ಗೂಡ್ಸ್ ರೈಲು ಯಾಕೆ ತಡವಾಗುತ್ತದೆ ಎಂದು ಒಂದು ಪುಟ ಬರೆದೆ. ಅದಕ್ಕೂ ಅಷ್ಟೇ ಅಂಕ. ಷರಾ, 'ಸ್ವಂತಿಕೆ ಇದೆ'.

ನೇರವಾಗಿ ಮೇಡಂ ಕೋಣೆಗೆ ಹೋಗಿ ಆ ಪುಟ ತೆರೆದಿಟ್ಟೆ. ಅವರು ಓದಿದರು, ಮುಖ ಕೆಂಪಾಯಿತು. ಎದ್ದು ಬಾಗಿಲು ಮುಂದೆ ಮಾಡಿದರು.

"ನಾನಿದನ್ನ ಓದಲೇ ಇಲ್ಲ, ಸರ್. ಇರೋದೇ ಬೆರಳೆಣಿಕೆ ಮಕ್ಕಳು. ಒಬ್ಬರು ಬಿಟ್ಟರೂ ವಿಭಾಗ ಮುಚ್ತಾರೆ. ಕಡಿಮೆ ಅಂಕ ಕೊಟ್ಟರೆ ನೀವು ಬರೋದು ನಿಲ್ಲಿಸ್ತೀರೇನೋ ಅಂತ ಹೆದರಿದೆ."

ಕಳ್ಳ ಸಿಕ್ಕಾಗ ಖುಷಿಪಡುವುದು ನನ್ನ ಅಭ್ಯಾಸ. ಆ ದಿನ ಆಗಲಿಲ್ಲ. ಇಷ್ಟು ದಿನ ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬುದು ಎದೆಗೆ ಚುಚ್ಚಿತು. ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದು ಗೇಟಿನವರೆಗೂ ಹೋದೆ. ಆದರೆ ಪುಟ್ಟಿ, ಮನೆಗೆ ಹೋಗಿ ಮಾಡುವುದೇನು? ಆ ಹೆಂಗಸು ಪಾಠ ಮಾಡುವಾಗ ನನಗೆ ಹೊಟ್ಟೆ ಹಸಿದದ್ದೂ ಗೊತ್ತಾಗುವುದಿಲ್ಲ. ಹಿಂದಕ್ಕೆ ಬಂದೆ.

"ಇದನ್ನ ಓದಿ, ನನ್ನನ್ನ ಫೇಲ್ ಮಾಡಿ, ಮೇಡಂ," ಅಂದೆ. "ಆಗ ಎಲ್ಲಿಗೂ ಹೋಗಲ್ಲ."

ಅವರು ಪ್ರಬಂಧವನ್ನು ಮೊದಲಿಂದ ಓದಿ, ಸಾಲು ಸಾಲಿಗೂ ನನ್ನ ಜೊತೆ ಜಗಳ ತೆಗೆದರು. ನಾನೂ ಬಿಡಲಿಲ್ಲ. ಗೂಡ್ಸ್ ರೈಲನ್ನು ಕರುಣೆಯಿಲ್ಲದೆ ಹೊಡೆದುಹಾಕಿ, ಕೊನೆಗೆ ಫೇಲ್ ಮಾಡಿಯೇ ಕಳಿಸಿದರು. ನಾನು ಬರೆದದ್ದನ್ನು ಒಬ್ಬರು ಅಷ್ಟು ಗಂಭೀರವಾಗಿ ತಳ್ಳಿಹಾಕಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಮನೆಗೆ ಹೋದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದೇ ಆಗಲಿ, ಆದರೂ ನಾಲ್ಕು ಕಡೆ ನೋಡಿಕೊಂಡೇ ನಡೆ.

ಫೇಲಾದ ನಿನ್ನ
ತಾತ

ಮರೆತಿದ್ದೆ: ಇಂದು ಬೆಳಿಗ್ಗೆ ಆದೇಶ ಬಂತು. ಮುಂದಿನ ವರ್ಷದಿಂದ ವಿಭಾಗ ಇರುವುದಿಲ್ಲ. ನಮ್ಮ ಓದು ಮುಗಿಸಲು ಬಿಡುತ್ತಾರಂತೆ, ಆದರೆ ತರಗತಿಯ ಕೋಣೆ ಸೋಮವಾರದಿಂದಲೇ ಬೇರೆಯವರಿಗೆ. ಮೆಟ್ಟಿಲ ಮೇಲಾದರೂ ಕೂರಿಸಿ ಪಾಠ ಮಾಡುತ್ತೇನೆ ಎಂದರು ಮೇಡಂ. ಅವರ ದನಿ ಕೇಳಲಾಗದೆ, ನಮ್ಮ ಮನೆಯಲ್ಲಿ ಮೊಮ್ಮಗಳ ಕೋಣೆ ಖಾಲಿ ಇದೆ ಎಂದುಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪೇ. ಆಗದಿದ್ದರೆ ಕೂಡಲೇ ಫೋನ್ ಮಾಡು. ಅಜ್ಜಿ ಮಾತ್ರ, ನಾನು ಫೋನಿನಲ್ಲಿ ಹೇಳಿದ್ದೇ ತಡ, ಆಗಲೇ ನಿನ್ನ ಮಂಚವನ್ನು ಗೋಡೆಗೆ ಒರಗಿಸಿ, ಚಾಪೆ ಹಾಸಿದ್ದಾಳಂತೆ.