ಅಮ್ಮನ ತಲೆಯ ತುರಿಕೆ

ಮನೆಯಿಂದ
ಮಾರ್ಚ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಮಂಡಿನೋವು ಕಡಿಮೆಯಾಯಿತಾ? ಮೆಟ್ಟಿಲು ಹತ್ತಬೇಡಿ ಅಂದರೆ ಬೇಕೆಂದೇ ಎರಡು ಸಲ ಹೆಚ್ಚಿಗೆ ಹತ್ತುವ ಮನುಷ್ಯ ಅವರು, ನನಗೆ ಗೊತ್ತು. ಮಗಳ ಪರೀಕ್ಷೆ ಮುಗಿದಿರಬೇಕು. ಚೆನ್ನಾಗಿ ಬರೆದಿದ್ದೇನೆ ಅಂದರೆ ಅರ್ಧ ನಂಬು, ಏನೋ ಒಂದು ಬರೆದಿದ್ದೇನೆ ಅಂದರೆ ಪೂರ್ತಿ ನಂಬು. ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ, ಅದಕ್ಕೆ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಸುಸ್ತಾಗಿಹೋಗಿದ್ದೇನೆ ಅಕ್ಕಾ. ಪಕ್ಕದ ಕೋಣೆಯಿಂದ ಅಮ್ಮ ತಲೆ ಕೆರೆದುಕೊಳ್ಳುವ ಕರಕರ ಸದ್ದು ಕೇಳುತ್ತಿದೆ. ಎರಡು ಕೋಣೆಯ ಮನೆಯಲ್ಲಿ ಅದರಿಂದ ಓಡಿಹೋಗಲು ಜಾಗವೂ ಇಲ್ಲ. ಫೋನ್ ಮಾಡೋಣವೆಂದರೆ ಅವಳ ಕಿವಿ ಗೋಡೆಯಾಚೆಗೂ ಚುರುಕು. ಆದ್ದರಿಂದ ಈ ಕಾಗದ.

ನೀನು ನಮ್ಮ ಪುಸ್ತಕ ಬೈಂಡಿಂಗ್ ಅಂಗಡಿಯ ವಿಳಾಸಕ್ಕೆ ಕಳಿಸಿದ ಮನೆಮದ್ದಿನ ಪಟ್ಟಿ ತಲುಪಿತು. ಅಂಗಡಿಯ ಯಜಮಾನರು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಏನಯ್ಯಾ, ಈ ವಯಸ್ಸಲ್ಲಿ ಪ್ರೇಮಪತ್ರಾನಾ?" ಅಂದರು. ತಲೆಹೊಟ್ಟಿನ ಮದ್ದು ಅಂದೆ. ಪಾಪ, ಅವರ ಮುಖ ಸಪ್ಪಗಾಯಿತು. ಅಮ್ಮನಿಗೆ ಮಾತ್ರ ಇದು ನಿನ್ನ ಪಟ್ಟಿ ಅಂತ ಹೇಳಲಿಲ್ಲ. ಔಷಧಿ ಅಂಗಡಿಯವರು ಬರೆದುಕೊಟ್ಟರು ಅಂದೆ. ಹೇಳಿದ್ದರೆ ಎಣ್ಣೆ ಬಟ್ಟಲು ನನ್ನ ತಲೆಯ ಮೇಲೇ ಬೋರಲಾಗುತ್ತಿತ್ತು. ಅವಳ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ, ಈಗ ಅಲ್ಲೇ ಮನೆ ಮಾಡಿಕೊಂಡಿದೆ.

ನೀನು ಈ ಮನೆಗೆ ಬಂದು ಹದಿನಾಲ್ಕು ತಿಂಗಳಾಯಿತು. ಯಾಕೆ ಬಂದಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ನೀನು ಹೋದ ಮೇಲೆ ಇಲ್ಲಿ ಏನಾಯಿತು ಅನ್ನುವುದನ್ನು ನಾನು ಸರಿಯಾಗಿ ಬರೆದೇ ಇಲ್ಲ. ಆ ದೊಡ್ಡ ಜ್ವರ ಬಿಟ್ಟು ಎಚ್ಚರವಾಗಿ, ಸೊಂಟದವರೆಗಿದ್ದ ಕೂದಲು ಕಿವಿಯ ಹತ್ತಿರಕ್ಕೆ ಬಂದಿದ್ದನ್ನು ಕೈಯಲ್ಲಿ ಮುಟ್ಟಿ ನೋಡಿ ಅವಳು ಕೂಗಿದ್ದು ನಿನಗೆ ನೆನಪಿರುತ್ತದೆ. ನೀನು ಡಾಕ್ಟರು ಕತ್ತರಿಸಲು ಹೇಳಿದರು ಅಂದೆ. ಅವಳು, "ಕೂದಲು ಕತ್ತರಿಸಿದ್ದಲ್ದೆ ಸುಳ್ಳು ಬೇರೆ ಹೇಳ್ತೀಯಾ, ಇನ್ನು ಈ ಹೊಸಲು ತುಳೀಬೇಡ" ಅಂದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಆ ದಿನದ ಮಾತು ಇಷ್ಟಕ್ಕೇ ಸಾಕು. ನೀನು ಬಸ್ಸು ಹತ್ತಿದ ಸಂಜೆಯೇ ಅವಳು ಪೆಟ್ಟಿಗೆಯಿಂದ ಒಂದು ದಪ್ಪ ಕಂದು ಬಟ್ಟೆ ತೆಗೆದು ತಲೆಗೆ ಬಿಗಿಯಾಗಿ ಕಟ್ಟಿಕೊಂಡಳು. ಯಾರಿಗೂ ಆ ಗಿಡ್ಡ ಕೂದಲು ಕಾಣಬಾರದು ಅಂತ. ಅಂದಿನಿಂದ ಇಂದಿನವರೆಗೆ ಅದು ಇಳಿದಿಲ್ಲ. ಸ್ನಾನ ಮಾಡಿದರೆ ಒದ್ದೆ ತಲೆಗೇ ಕಟ್ಟುತ್ತಾಳೆ. ಮಲಗುವಾಗಲೂ ಕಟ್ಟಿರುತ್ತಾಳೆ. ಬೇಸಗೆಯಲ್ಲೂ ಹಾಗೇ. ಒಳಗೆ ಬೆವರು, ತೇವ, ಸರಿಯಾಗಿ ತೊಳೆಯದ ಸೋಪು. ತುರಿಕೆ ಬರದೆ ಇನ್ನೇನು ಬರುತ್ತದೆ ಹೇಳು. ನಾನು ಇದನ್ನೆಲ್ಲ ನೋಡಿಯೂ ನೋಡದವನ ಹಾಗೆ ಇದ್ದೆ. ಬಾಯಿ ತೆಗೆದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಅನ್ನುವ ಭಯ.

ಮೊದಲು ನಿನ್ನ ಎಣ್ಣೆ. ಬೆಚ್ಚಗೆ ಮಾಡಿ, ಮುಂಗೈಗೆ ಒಂದು ಹನಿ ಹಾಕಿ ನೋಡಿ, ಎಡಗಿವಿಯ ಹಿಂದಿನಿಂದ ಬೈತಲೆ ತೆಗೆಯುತ್ತಾ ಹತ್ತಿಯಲ್ಲಿ ಅದ್ದಿ ಬುಡಕ್ಕೆ ಮುಟ್ಟಿಸು, ಉಜ್ಜಬೇಡ ಅಂತ ಬರೆದಿದ್ದೆಯಲ್ಲ. ಹಾಗೇ ಮಾಡಿದೆ. ಬಟ್ಟೆ ಬಿಚ್ಚಿಸಲು ಮುಕ್ಕಾಲು ಗಂಟೆ ಗೋಗರೆದೆ. ಬಿಚ್ಚಿದ ಮೇಲೆ ನೋಡಿದರೆ ಹೊಟ್ಟು ಪದರ ಪದರವಾಗಿ ಕೂತಿತ್ತು, ಕೆರೆದು ಕೆರೆದು ಎರಡು ಮೂರು ಕಡೆ ರಕ್ತ ಒಣಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಎಣ್ಣೆಯ ಹೊಗೆ ಅಂದೆ. ನಾನು ಮೊದಲ ಬೈತಲೆ ತೆಗೆದಾಗಲೇ ಅವಳು ಗೊಣಗುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ, "ಔಷಧಿ ಅಂಗಡಿಯವರಿಗೆ ಎಡಗಿವಿಯಿಂದ ಶುರು ಮಾಡ್ಬೇಕು ಅಂತ ಹೇಗೆ ಗೊತ್ತಾಯ್ತಪ್ಪಾ?" ಅಂದಳು. ನಾನು ಹತ್ತಿಯನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದೆ. ಆವತ್ತು ಅವಳು ಪೂರ್ತಿ ಕೂತುಕೊಂಡಳು, ಮಧ್ಯೆ ಏಳಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು ನಾನು. ಕೆಳಮಹಡಿಯ ದರ್ಜಿ ಹೆಂಗಸು ನಿಂಬೆರಸ ಹಚ್ಚಿ, ಎರಡೇ ದಿನದಲ್ಲಿ ಮಾಯ ಅಂದರು. ಗಾಯವಿದ್ದರೆ ನಿಂಬೆ ಬೇಡ ಅಂತ ನಿನ್ನ ಪಟ್ಟಿಯಲ್ಲಿ ಅಡಿಗೆರೆ ಎಳೆದು ಬರೆದಿತ್ತು, ನಾನು ಅವಸರದಲ್ಲಿ ಆ ಸಾಲು ಬಿಟ್ಟೆ. ಹನಿ ಬಿದ್ದದ್ದೇ ತಡ ಅಮ್ಮ ಕಿರುಚಿದ್ದಕ್ಕೆ ಆ ದರ್ಜಿ ಹೆಂಗಸೇ ಓಡಿ ಬಂದರು, ಯಾರೋ ಕಳ್ಳರು ನುಗ್ಗಿದ್ದಾರೆಂದು.

ಆಮೇಲೆ ಮೆಂತ್ಯ. ಅಕ್ಕಾ, ನಗಬೇಡ. ಇಲ್ಲ, ನಕ್ಕುಬಿಡು, ಇಲ್ಲಿ ನಗುವವರು ಯಾರೂ ಇಲ್ಲ. ನೆನೆಸಿ, ರುಬ್ಬಿ, ಮೊಸರು ಕಲಸಿ ಹಚ್ಚು ಅಂತ ನೀನು ಬರೆದಿದ್ದೆ. ಎಷ್ಟು ಹೊತ್ತು ಬಿಡಬೇಕು ಅಂತ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ ಅಂತ ಬಿಟ್ಟಿರುತ್ತೀಯ. ಇಪ್ಪತ್ತೆರಡು ವರ್ಷ ಪುಸ್ತಕಗಳ ಬೆನ್ನಿಗೆ ಗೋಂದು ಬಳಿದವನು ನಾನು. ಅಂಟು ಹಚ್ಚಿದ್ದನ್ನು ಕದಲಿಸಬಾರದು, ಬಿಗಿಯಾಗಿ ಕಟ್ಟಿ, ಎಂಟು ಗಂಟೆ ಹಾಗೇ ಬಿಡಬೇಕು ಅನ್ನುವುದು ನನ್ನ ಕೈಗೇ ಹತ್ತಿಹೋಗಿರುವ ಪಾಠ. ಹದವಾಗಿ ಕಲಸಿದೆ, ಅಂಗಡಿಯ ಹೊಸ ಬ್ರಷ್ಷಿನಲ್ಲಿ ಒಂದೇ ಸಮನಾಗಿ ಬಳಿದೆ, ಮೇಲೆ ನಮ್ಮ ಬೈಂಡಿಂಗ್ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದೆ, ಸಂಜೆವರೆಗೆ ಅಲ್ಲಾಡಬೇಡಮ್ಮ ಅಂತ ಹೇಳಿ ಕೆಲಸಕ್ಕೆ ಹೋದೆ. ಅವಳು ಯಾರ ಮಾತೂ ಕೇಳದವಳು, ಆವತ್ತೊಂದು ದಿನ ಕೇಳಿದಳು ನೋಡು! ಆರು ಗಂಟೆಗೆ ಬಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ, ತಲೆಯ ಮೇಲೆ ರಟ್ಟಿನಂಥ ಟೋಪಿ. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಉಗುರುಬೆಚ್ಚನೆಯ ನೀರು ಚೊಂಬಿನಿಂದ ಚೊಂಬಿಗೆ ಹೊಯ್ದು ಅದನ್ನು ಬಿಡಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಅವಳು ಬೈಯುತ್ತಾಳೆ ಅಂತ ಕಾಯುತ್ತಿದ್ದೆ. ಬೈಯಲೂ ಇಲ್ಲ. "ನಿನ್ನ ಪುಸ್ತಕ ಗಟ್ಟಿಯಾಗಿರುತ್ತೆ ಬಿಡು" ಅಂದಳು ಅಷ್ಟೇ. ಆಮೇಲೆ ಅಳು ತಡೆಯಲಾಗದೆ ಮುಖ ಗೋಡೆ ಕಡೆ ತಿರುಗಿಸಿಕೊಂಡಳು. ನನಗೆ ಅವಳ ಬೈಗುಳವೇ ವಾಸಿ ಅನ್ನಿಸಿತು.

ಮರುದಿನ ರಜೆ ಹಾಕಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ನಿನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಹೆದರುವಂಥದ್ದು ಏನೂ ಇಲ್ಲ ಅಂದರು. ಅವರು ಕೊಟ್ಟ ಶಾಂಪೂ ವಾರಕ್ಕೆ ಎರಡು ಸಲ, ಐದು ನಿಮಿಷ ಬಿಟ್ಟು ತೊಳೆಯಬೇಕು (ಐದೇ ನಿಮಿಷ, ಕೈಮೇಲೆ ಪೆನ್ನಲ್ಲಿ ಬರೆದುಕೊಂಡೆ). ಬಿಸಿನೀರು ಬೇಡ. ಉಗುರು ಕತ್ತರಿಸಿಡಬೇಕು. ಬಾಚಣಿಗೆ, ದಿಂಬಿನ ಚೀಲ ವಾರಕ್ಕೊಮ್ಮೆ ತೊಳೆಯಬೇಕು. ತಲೆ ಪೂರ್ತಿ ಒಣಗಬೇಕು. ಇಷ್ಟಕ್ಕೂ ಅಮ್ಮ ಹೂಂ ಅಂದಳು. ಕೊನೆಗೆ, ಬಟ್ಟೆ ಕಟ್ಟುವುದನ್ನು ಬಿಡಬೇಕು, ಮತ್ತೆ ಭುಜದವರೆಗೆ ಬೆಳೆದಿರುವ ಕೂದಲನ್ನು ಗಾಯ ಆರುವವರೆಗೆ ಗಿಡ್ಡವಾಗಿ ಕತ್ತರಿಸಿಟ್ಟರೆ ಔಷಧಿ ಬುಡಕ್ಕೆ ಹತ್ತುತ್ತದೆ, ಇಲ್ಲದಿದ್ದರೆ ಆ ಗಾಯಗಳು ಕೀವಾಗುತ್ತವೆ ಅಂದರು. ಅಮ್ಮ ಎದ್ದು ನಿಂತು, ಬಟ್ಟೆ ಕಟ್ಟಿಕೊಂಡು, ಹೊರಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಳು.

ಅದಾಗಿ ಹನ್ನೆರಡು ದಿನ. ಒಂದು ಗಾಯ ಆಗಲೇ ಕೀವಾಗಿದೆ. ಬೇಡಿಕೊಂಡೆ, ರೇಗಿದೆ, ಊಟ ಬಿಟ್ಟು ಮುಖ ಊದಿಸಿಕೊಂಡು ಕೂತೆ. ಯಾವುದಕ್ಕೂ ಜಗ್ಗಲಿಲ್ಲ. ಸಲೂನಿನವರನ್ನು ಮನೆಗೇ ಕರೆಸಿದೆ, ಅವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ನಾನೇ ಕತ್ತರಿಸುತ್ತೇನೆ ಅಂದರೆ, "ನಿನ್ನ ಕೈಗೆ ಕೊಡಲ್ಲ" ಅಂತ ಒಂದೇ ಮಾತು. ಮತ್ತೆ ಯಾರ ಕೈಗೆ ಕೊಡುತ್ತೀಯಮ್ಮ ಅಂತ ಕೇಳಿದೆ. ಕಿಟಕಿಯಾಚೆ ಬಸ್ ನಿಲ್ದಾಣದ ಕಡೆ ನೋಡುತ್ತಾ ಕೂತಳು. ಆ ನೋಟವನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ ಅಂತ ಅಂದುಕೊಳ್ಳುತ್ತೇನೆ. ನೀನು ಬರುತ್ತೀಯಾ ಅಂತ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಅವಳ ಬಾಯಲ್ಲಿ ಕರೆಸಿಕೊಂಡು ಬರಬೇಕು ಅಂತ ಕಾದರೆ ಅದು ಆಗುವ ಮಾತಲ್ಲ, ಅವಳ ಹಠ ನಿನಗೆ ಗೊತ್ತಲ್ಲ. ನಿನಗೂ ಅದೇ ಬಂದಿದೆ.

ಭಾವನಿಗೆ ನಮಸ್ಕಾರ ಹೇಳು. ಮಗಳಿಗೆ ಅವಳ ಸೋದರಮಾವನ ಆಶೀರ್ವಾದ, ಜೊತೆಗೆ ಬೈಂಡ್ ಮಾಡಿದ ಎರಡು ಖಾಲಿ ನೋಟ್‌ಬುಕ್ಕು ಬೇರೆ ಕಳಿಸುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಐದಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ, ಅಷ್ಟರೊಳಗೆ ಹಾಕಿಬರಬೇಕು.

ಇತಿ,
ನಿನ್ನ ತಮ್ಮ,
ನೀನಿಟ್ಟ ಹೆಸರಲ್ಲೇ ಹೇಳುವುದಾದರೆ, ಸೋಂಬೇರಿ

ತಾ.ಕ.: ಈಗ ಬರೆಯದಿದ್ದರೆ ಇನ್ನೆಂದೂ ಬರೆಯುವುದಿಲ್ಲ. ಅಕ್ಕಾ, ಕೂದಲು ಕತ್ತರಿಸಿ ಅಂತ ಆ ಜ್ವರದ ಡಾಕ್ಟರು ಹೇಳಿರಲಿಲ್ಲ. ನಾನು ಕಟ್ಟಿ ಹೇಳಿದ್ದು. ನೀನು ಎರಡು ಮಧ್ಯಾಹ್ನ ಕೂತು, ಜ್ವರದಲ್ಲಿ ಮಲಗಿ ಮಲಗಿ ಗಂಟುಕಟ್ಟಿದ್ದ ಅವಳ ಕೂದಲಿನ ಒಂದೊಂದೇ ಸಿಕ್ಕು ಬಿಡಿಸುತ್ತಿದ್ದೆ, ಇನ್ನೆರಡು ದಿನ ಸಾಕು, ಬಿಡಿಸುತ್ತೇನೆ ಅಂದೆ. ನನಗೆ ಸಾಕಾಗಿತ್ತು. ಒಂಬತ್ತು ದಿನ ಅವಳ ಪಕ್ಕ ಕೂತು ಸಾಕಾಗಿತ್ತು. ಕೆಳಗೆ ಹೋಗಿ ಫೋನ್ ಮಾಡಿ ಬಂದವನ ಹಾಗೆ ಬಂದು ಡಾಕ್ಟರ ಹೆಸರು ಹೇಳಿದೆ, ಅಂಗಡಿಯ ಕತ್ತರಿ ತಂದು ನಿನ್ನ ಕೈಗಿಟ್ಟೆ. ಅವಳು ನಿನ್ನನ್ನು ಸುಳ್ಳಿ ಅಂದಾಗ ಬಾಯಿ ಬಿಡಲಿಲ್ಲ. ಈಗ ತಾನೇ ಒಳಗೆ ಹೋಗಿ ಅವಳಿಗೂ ಹೇಳಿ ಬಂದೆ. ಅವಳು ತಲೆ ಕೂಡ ಎತ್ತಲಿಲ್ಲ. "ಗೊತ್ತಿತ್ತು ಕಣೋ. ಅವಳು ಹೋದ ಮುಂದಿನ ವಾರವೇ ಆ ಡಾಕ್ಟರನ್ನ ಕೇಳಿದ್ದೆ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ, ಉಳಿದವನು ನೀನೇ ಅಲ್ವಾ. ನಿನ್ನನ್ನ ಬೈದು ನೀನೂ ಹೊರಟುಹೋಗಿದ್ರೆ ನನ್ನ ನೋಡ್ಕೊಳ್ಳೋರು ಯಾರಿದ್ರು? ಅವಳಿಗಾದ್ರೆ ಅವಳ ಮನೆ ಇತ್ತು" ಅಂದಳು. ಹದಿನಾಲ್ಕು ತಿಂಗಳು ನಾವಿಬ್ಬರೂ ನಿನ್ನನ್ನು ಹೊರಗೆ ನಿಲ್ಲಿಸಿ ಒಳಗೆ ಬೆಚ್ಚಗೆ ಕೂತಿದ್ದೆವು ಅಕ್ಕಾ. ಮುಂದಿನ ಶನಿವಾರ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಒಂದು ಸಾಲು ಬರೆ ಸಾಕು, ನೀನು ಅವಳ ತಲೆ ನೋಡಿ ಮುಗಿಸುವವರೆಗೆ ನಾನು ಅಂಗಡಿಯಲ್ಲೇ ಕೂತಿರುತ್ತೇನೆ.